ಖಾಲಾ ಎಣಿಸಿದ ಏಳು

ಹೋದ ವಾರ ಹೊಸ ಇಳಕಲ್ ಸೀರೆಯನ್ನು ಮೊದಲ ಸಲ ನೀರಿಗೆ ಹಾಕಿದೆ. ಬಕೆಟ್ಟಿನಿಂದ ಒದ್ದೆ ನೂಲಿನ, ಹಸಿ ಬಣ್ಣದ ವಾಸನೆ ಎದ್ದಿತು. ಬಚ್ಚಲಲ್ಲೇ ಸ್ವಲ್ಪ ಹೊತ್ತು ಕುಳಿತುಬಿಟ್ಟೆ. ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಅಂಗಳಕ್ಕೆ ಇದೇ ವಾಸನೆ ಇತ್ತು...

ಅಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದವರನ್ನು ಓಣಿಯವರೆಲ್ಲ ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮದುವೆಯಾಗಿ ಹೋದ ಹೊಸದರಲ್ಲಿ ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಉಗುರಿನ ಸುತ್ತ ಮೂರು ಬಣ್ಣ. ಯಾವ ಸೋಪಿಗೂ ಬಗ್ಗದವು.

ಒಂದು ದಿನ ನೇಕಾರನೊಬ್ಬ ಬಣ್ಣ ಬಿಟ್ಟ ನೂಲಿನ ಲಡಿಯೊಂದನ್ನು ತಂದು ಅವರೆದುರು ಹಿಡಿದ.

"ನಿಮ್ಮ ಕೆಂಪು ಬಣ್ಣ ಬಿಡಂಗಿಲ್ಲ ಅಂತಿದ್ರಿ. ಇದೇನ್ರಿ ಖಾಲಾ, ಹೋಳಿ ಆಡೈತಿ?"

"ಬಿಡಂಗಿಲ್ಲ ಅಂದೇನಿ. ಒಂದೂ ಬಿಡಂಗಿಲ್ಲ ಅಂದೇನೇನು? ಒಳಗ ರಾಶಿ ಲಡಿ ಅದಾವ. ಕಣ್ಣು ಮುಚ್ಚಿ ಒಂದು ತಗೊಂಡು ತೋಯ್ಸಿ ನೋಡು."

ಅವನು ತೋಯಿಸಿದ. ನೀರು ತಿಳಿಯಾಗಿಯೇ ಉಳಿಯಿತು. ಒಂದು ಅಪವಾದ ಸಿಕ್ಕರೆ ಮಾತು ಸುಳ್ಳಾಯಿತೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಖಾಲಾಗೆ ಹಾಗಲ್ಲ. ಮುಂದೆ ಕೈಗೆ ಬರುವ ಲಡಿ ಹೆಚ್ಚಾಗಿ ಹೇಗಿರುತ್ತದೋ, ಮಾತಿನ ಅರ್ಥ ಅಷ್ಟೇ.

ಆ ಹೊತ್ತಿಗೆ ನಾನು ಎರಡನೆಯ ಸಲ ಬಸುರಿ. ಮೊದಲ ಕೂಸು ಮೂರೇ ದಿನ ಇತ್ತು, ಹೆಸರನ್ನೂ ಇಟ್ಟಿರಲಿಲ್ಲ. "ಈ ಮನ್ಯಾಗ ಕೂಸು ಉಳಿಯಂಗಿಲ್ಲ" ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಹೆದರಿಕೆಯಿಂದ. ಕೇಳಿ ಕೇಳಿ ನಾನು ಹುಟ್ಟಲಿರುವ ಕೂಸಿನ ತಲೆಗೆಂದು ಹೊಲಿಯುತ್ತಿದ್ದ ಕುಲಾವಿಯನ್ನು ಅರ್ಧಕ್ಕೇ ಟ್ರಂಕಿಗೆ ಹಾಕಿದೆ.

ಒಮ್ಮೆ ಆ ಮಾತು ಖಾಲಾ ಕಿವಿಗೂ ಬಿತ್ತು. ಸೆರಗಿಗೆ ಕೈ ಒರೆಸುತ್ತ ನಮ್ಮ ಹೊಸ್ತಿಲಲ್ಲಿ ನಿಂತರು.

"ಈ ಮನ್ಯಾಗ ಎಷ್ಟು ಹುಟ್ಯಾವ ಅಕ್ಕಾರ?"

"ಆರು," ಎಂದರು ಅತ್ತೆ.

"ಎಷ್ಟು ಅದಾವ?"

"ನಾಕು."

"ಇಕಿ ಹಡೆದದ್ದೊಂದು ಹಿಡೀರಿ, ಏಳಾತು. ಏಳರಾಗ ನಾಕು ಉಳದಾವ. ಅದರಾಗೊಂದು ಅಲ್ಲಿ ಕುಂತು ರೊಟ್ಟಿ ತಿನ್ನಾಕತ್ತೈತಿ, ನಿಮ್ಮ ಮಗ! ಹೋದವನ್ನಷ್ಟ ಎಣಿಸಿದ್ರ ಹೆಂಗ್ರಿ?"

ನನ್ನ ಗಂಡನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಅತ್ತೆ ನಕ್ಕುಬಿಟ್ಟರು. ನಗುತ್ತಲೇ ಕಣ್ಣೊರೆಸಿಕೊಂಡರು.

ಖಾಲಾರನ್ನು ಕಳಿಸಲು ಅಂಗಳದವರೆಗೆ ಹೋದ ನಾನು ಕೇಳಿದೆ. "ಹಂಗಾದ್ರ ನಂದು ಉಳಿತೈತೇನ್ರಿ ಖಾಲಾ?"

ಹೌದೆನ್ನುವುದು ಸುಲಭವಿತ್ತು. ಅವರು ಎನ್ನಲಿಲ್ಲ.

"ಅದನ್ನ ಹೆಂಗ ಹೇಳಲಿ ಬೇಟಿ... ಕುಲಾವಿ ಹೊಲಿ. ಹೊಲಿಯೂವಷ್ಟು ಆಸೆ ಅಂತೂ ಐತಿ."

ಮಗಳು ಉಳಿದಳು. ಅದೇ ಕುಲಾವಿ ಹಾಕಿಕೊಂಡು ಖಾಲಾ ತೊಡೆಯ ಮೇಲೆ ಮಲಗಿ ಬೆಳೆದಳು.

ಖಾಲಾ ತೀರಿಕೊಂಡು ಎಷ್ಟೋ ವರ್ಷವಾಯಿತು. ನಾವು ಬಾಗಲಕೋಟೆಗೆ ಬಂದೆವು. ಇಲ್ಲಿ ಹೊಸದಾಗಿ ಪರಿಚಯವಾದವರು ಮಕ್ಕಳೆಷ್ಟು ಎಂದು ಕೇಳುತ್ತಾರೆ. "ಒಬ್ಬಳೇ ಮಗಳು" ಎನ್ನುತ್ತೇನೆ. ಮನೆಯವರೂ ಹಾಗೇ ಹೇಳುತ್ತಾರೆ... ತಪ್ಪೇನಿಲ್ಲ. ಆದರೆ ನನ್ನ ಮೂರು ದಿನದ ಕೂಸನ್ನು ಹುಟ್ಟಿದವರ ಸಾಲಿನಲ್ಲಿ ಎಣಿಸಿದವರು ಖಾಲಾ ಒಬ್ಬರೇ.