ದುಡ್ಡು ಕೊಟ್ಟು ಬರೆಸಿದ ಸುದ್ದಿ

ಗುನ್ವೋರ್ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ನಮ್ಮ ದ್ವೀಪದ ಫೆರಿಯ ಕ್ಯಾಂಟೀನಿನಲ್ಲಿ ಕಾಫಿ ಕೊಡುತ್ತಿದ್ದವಳು, ನಿವೃತ್ತಿಯಾದ ಮೇಲೆ ಸುಮ್ಮನಿರಲಾರದೆ ವಾರಪತ್ರಿಕೆ ಶುರು ಮಾಡಿದಳು. ಅದೇ ಫೆರಿಯಲ್ಲಿ ಹಗ್ಗ ಎಳೆಯುತ್ತಿದ್ದ ನನ್ನನ್ನು ಪತ್ರಿಕೆ ಹಂಚಲು ಹಿಡಿದುಹಾಕಿದಳು. ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಕಟ್ಟು ನನ್ನ ಕೈಯಲ್ಲಿತ್ತು.

ಬರೆಯುವವರು ಬೇಕೆಂದಾಗ ಅವಳು ನಾವೆಲ್ಲ ಮಾಡುವುದನ್ನೇ ಮಾಡಿದಳು: ದುಗ್ನಾಡ್ ಕರೆದಳು. ಬೇಲಿಯಾಗಲಿ ದೋಣಿಕಟ್ಟೆಯಾಗಲಿ, ಊರವರೆಲ್ಲ ಸೇರಿ ಕೂಲಿಯಿಲ್ಲದೆ ದುಡಿದು, ಕೊನೆಗೆ ವಾಫಲ್ ತಿಂದು ಮನೆಗೆ ಹೋಗುವ ನಮ್ಮ ಪದ್ಧತಿಯ ಹೆಸರು ಅದು. ಊರಿಗೆ ಊರೇ ಬಂತು. ಅವಳ ತಮ್ಮ ಐನಾರ್, ಪುರಸಭೆಯ ಸದಸ್ಯ, ಕಚೇರಿಗೆ ಬಣ್ಣ ಬಳಿದ. ಬರಹಗಳೂ ರಾಶಿ ಬಿದ್ದವು: ಬೆಕ್ಕಿನ ಮೇಲೆ ಕವಿತೆ, ಕಾಲುಚೀಲ ಹೆಣೆಯುವ ಬಗೆ, ಅಜ್ಜ ಹಿಡಿದ ಮೀನು. ಆ ಮೀನು ವಾರವಾರವೂ ಒಂದೊಂದು ಗೇಣು ಬೆಳೆಯುತ್ತಿತ್ತು.

ಅಷ್ಟರಲ್ಲಿ ಪುರಸಭೆಯಲ್ಲಿ ಶಾಲೆ ಮುಚ್ಚುವ ಮಾತು ಎದ್ದಿತು. ಶಾಲೆ ಹೋದರೆ ಮಕ್ಕಳಿರುವ ಮನೆಗಳೂ ಖಾಲಿಯಾಗುತ್ತವೆ. ಆಮೇಲೆ ಇಲ್ಲಿ ಉಳಿಯುವುದು ನಾನು ಮತ್ತು ಕಡಲಹಕ್ಕಿಗಳು. ಅದನ್ನು ಬರೆಯಿರಿ ಎಂದು ಗುನ್ವೋರ್ ಕೇಳಿದರೆ ಎಲ್ಲರೂ ನೆಲ ನೋಡಿದರು. ಪುಕ್ಕಟೆ ಬರೆದು ಪುರಸಭೆಯಲ್ಲಿರುವ ಪಕ್ಕದ ಮನೆಯವನನ್ನು ಎದುರು ಹಾಕಿಕೊಳ್ಳುವವರು ಯಾರು? ಗುನ್ವೋರ್ ಅತ್ತಿಂದಿತ್ತ ನಡೆದ ರಭಸಕ್ಕೆ ನನಗೇ ತಲೆ ಸುತ್ತಿತು.

ಬರೆಯಬಲ್ಲವಳು ಒಬ್ಬಳಿದ್ದಳು, ಯೋರುನ್. ಹೊರಗಿನ ಪತ್ರಿಕೆಗಳಿಗೆ ಬರೆದೇ ಹೊಟ್ಟೆ ಹೊರೆಯುವವಳು. ದುಗ್ನಾಡಿಗೆ ಬರಲಿಲ್ಲವೆಂದು ಊರು ಅವಳ ಮೇಲೆ ಮುಖ ಸಿಂಡರಿಸಿಕೊಂಡಿತ್ತು. ಗುನ್ವೋರ್ ನನ್ನನ್ನೂ ಎಳೆದುಕೊಂಡು ಅವಳ ಮನೆಗೆ ಹೋದಳು.

"ಊರಿನ ಕೆಲಸ ಕಣೇ, ಒಂದ್ಸಲ ಬರ್ಕೊಡು."

"ನಿಮ್ಮನೆ ನಲ್ಲಿ ಕೆಟ್ರೆ ಪ್ಲಂಬರ್‌ಗೂ ವಾಫಲ್ ಕೊಟ್ಟು ಕಳಿಸ್ತೀರಾ, ಗುನ್ವೋರ್?"

ಗುನ್ವೋರ್ ಮುಖ ಕೆಂಪಾಯಿತು. "ಎಷ್ಟು, ಹೇಳು."

"ಎರಡು ಸಾವಿರ ಕ್ರೋನ. ನಾನು ಬರೆದದ್ದರಲ್ಲಿ ಯಾರ ಹೆಸರು ಬಂದ್ರೂ ಕತ್ತರಿಸ್ಬಾರ್ದು."

"ಆಯ್ತು" ಎಂದಳು, ಯೋಚಿಸದೆಯೇ. ಪಿಂಚಣಿಯ ದುಡ್ಡನ್ನೇ ತೆಗೆದುಕೊಟ್ಟಳು.

ಲೇಖನ ಬಂತು. ಮುಚ್ಚಿದ ಬಾಗಿಲ ಸಭೆಯಲ್ಲಿ ಶಾಲೆ ಮುಚ್ಚೋಣವೆಂದು ಮೊದಲು ಹೇಳಿದವನು ಐನಾರ್ ಎಂದು ಅದರಲ್ಲಿತ್ತು. ಗುನ್ವೋರ್ ಓದಿದಳು, ದಕ್ಕೆಯವರೆಗೆ ಹೋಗಿಬಂದಳು, ಮತ್ತೆ ಓದಿದಳು. ನಾನು ಬಾಯಿ ಹಾಕಿದೆ.

"ಆ ಒಂದು ಹೆಸರು ಬಿಟ್ಬಿಡು ಮಾರಾಯ್ತಿ. ನಿನ್ನ ಒಡಹುಟ್ಟಿದವನು."

"ಬಿಟ್ರೆ ಇನ್ಮೇಲೆ ನನಗೆ ಯಾರು ಬರೀತಾರೆ?"

ಅಚ್ಚಾಯಿತು. ನಾನೇ ಹಂಚಿದೆ, ಐನಾರ್‌ನ ಮನೆಗೂ. ಅವನು ಪತ್ರಿಕೆ ಹಿಡಿದುಕೊಂಡೇ ಕಚೇರಿಗೆ ನುಗ್ಗಿದ.

"ನನ್ನ ಮಾನ ಕಳೆಯೋಕೆ ದುಡ್ಡು ಬೇರೆ ಕೊಟ್ಯಾ ಅಕ್ಕಾ?"

"ಪುಕ್ಕಟೆ ಯಾರೂ ಒಪ್ಪಲಿಲ್ಲ ಕಣೋ."

ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

"ಕ್ರಿಸ್‌ಮಸ್‌ಗೆ ನಮ್ಮನೆ ಕಡೆ ಬರ್ಬೇಡ" ಎಂದು ಅವನು ಹೊರಟುಹೋದ. ಹಬ್ಬಕ್ಕೆ ಹೋಗಲು ಗುನ್ವೋರ್‌ಗೆ ಇದ್ದದ್ದು ಅದೊಂದೇ ಮನೆ.

ಫೋನು ಬಡಿದುಕೊಂಡಿತು. ಪಕ್ಕದ ದ್ವೀಪದ ಯಾರೋ ಹುಡುಗಿ. ಅಲ್ಲಿನ ಮೀನು ಸಾಕಣೆಯವರ ಬಗ್ಗೆ ಬರೆಯಬೇಕಂತೆ. ಎಷ್ಟು ಕೊಡುತ್ತೀರಿ ಎಂದು ಕೇಳುತ್ತಿದ್ದಳು. ಗುನ್ವೋರ್ ಕಣ್ಣೊರೆಸಿಕೊಂಡು ದರ ಹೇಳಿದಳು. ಹುಡುಗಿ ಇನ್ನೂ ಏನೋ ಕೇಳಿದಳು. ಗುನ್ವೋರ್ ಬಾಗಿಲ ಕಡೆ ನೋಡುತ್ತ ಅಂದಳು:

"ಹಾಕ್ತೀನಿ ಮಗಾ. ಯಾರ ಹೆಸರಾದ್ರೂ ಹಾಕ್ತೀನಿ."