ಹೊಗೆ ಎಣಿಸಿ ಬರೆದ ನಕಾಶೆ

ನಡೆಯುವುದೆಂದರೆ ನನಗೆ ಮೊದಲಿನಿಂದಲೂ ಬೇಸರ. ನಕಾಶೆ ಬರೆಯುವ ಗುಮಾಸ್ತ ಹೇಳಿಕೊಳ್ಳುವ ಗುಣವಲ್ಲ ಇದು. ಆದರೆ ನಿಮ್ಮ ಮುಂದೆ ಮುಚ್ಚಿಡುವುದೇನು? ನಿಜಾಮರ ಸರಕಾರದ ಚಾಕರಿಯಲ್ಲಿ, ಕಲಬುರಗಿಯ ಕಚೇರಿಯಲ್ಲಿ ಕುಳಿತೇ, ಕಾಲಿಡದ ಹಳ್ಳಿಗಳಿಗೂ ಅಂದವಾದ ಓಣಿ ಬರೆದವನು ನಾನು.

ಕಲಬುರಗಿ ಕೋಟೆಯ ಸುತ್ತ ಕಂದಕವಿದೆಯಲ್ಲ, ಹಳೆಯ ಸುಲ್ತಾನರು ಶತ್ರು ಎಲ್ಲಿಂದ ಬಂದಾನೆಂದು ನೋಡಿ ನೀರು ನಿಲ್ಲಿಸಿದರು. ನಾವಾದರೋ ಜನ ಎಲ್ಲಿದ್ದಾರೆಂದು ನೋಡಿ ನೀರು ಕೊಡುವವರು ಎಂದು ಬೀಗುತ್ತಿದ್ದೆ. ಆ ಠೇಂಕಾರ ಇಳಿದದ್ದು ಕಮಲಾಪುರದಲ್ಲಿ.

ಅಲ್ಲಿಗೆ ಸರಕಾರಿ ಬಾವಿ ಮಂಜೂರಾಗಿತ್ತು. ಮನೆಗಳು ಒತ್ತಾಗಿರುವ ಕಡೆ ತೋಡಬೇಕೆಂದು ಹುಕುಂ. ಎತ್ತಿನ ಗಾಡಿಯಲ್ಲಿ ಕುಲುಕಿ ಸೊಂಟ ಸೋತಿತ್ತು. ಓಣಿ ಓಣಿ ಅಲೆಯುವವರಾರು? ಮುಂಜಾನೆ ಹುಡೇವು, ಅಂದರೆ ಊರ ಕಾವಲು ಬುರುಜು, ಹತ್ತಿದೆ. ಒಲೆಯ ಹೊಗೆ ಎದ್ದಲ್ಲೆಲ್ಲ ಮನೆಯೆಂದು ಚುಕ್ಕಿ ಇಟ್ಟೆ. ತೆಂಕಣ ಇಳಿಜಾರಿನಲ್ಲಿ ಹೊಗೆಯೇ ಇಲ್ಲ. ಮಣ್ಣಿನ ಮಾಳಿಗೆಗಳು ನೆಲದ ಬಣ್ಣದಲ್ಲೇ ಕಲೆತುಹೋಗಿದ್ದವು. 'ಖಾಲಿ ಜಾಗ' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಬಾವಿ ಬಡಗಣ ತುದಿಗೆ ಬಿತ್ತು.

ವರ್ಷದ ಮೇಲೆ ಒಂದು ಇಳಿಹೊತ್ತು ತನಿಖೆಗೆ ಹೋದಾಗ, ಆ ಬಾವಿಯಿಂದ ಎರಡು ಕೊಡ ಹೊತ್ತು, ಏದುಸಿರು ಬಿಡುತ್ತ, ನಿಂಗಮ್ಮನೆಂಬ ಮುದುಕಿ ಊರು ದಾಟಿ ಹೊರಟಿದ್ದಳು.

"ಇಷ್ಟ ದೂರ ಎಲ್ಲಿಗಿ ಹೊಂಟಿಯವ್ವಾ?" ಎಂದೆ.

ಅವಳು ತೋರಿಸಿದ್ದು ನನ್ನ 'ಖಾಲಿ ಜಾಗ'ವನ್ನೇ!

ಹಿಂದೆಯೇ ಹೋದೆ. ಅಯ್ಯೋ ದೇವರೆ, ತುಂಬಿದ ಓಣಿ! ತೊಟ್ಟಿಲು, ಆಡು, ಒಣಹಾಕಿದ ಸೀರೆ. ನಾಚಿಕೆ ಬಿಟ್ಟು, ಬೆಳಗಿನಲ್ಲಿ ಇಲ್ಲಿ ಹೊಗೆ ಯಾಕೆ ಏಳುವುದಿಲ್ಲವೆಂದು ಕೇಳಿಯೇಬಿಟ್ಟೆ.

"ಸಂಜಿಕ್ಕ ಬಡದ ರೊಟ್ಟಿನೇ ಬುತ್ತಿ ಕಟಗೊಂಡು, ಹೊತ್ತು ಹೊಂಡೂದ್ರೊಳಗ ಬಾಳಿ ತ್ವಾಟಕ್ಕ ಹೋಗತೀವ್ರಿ ಸಾಹೇಬ್ರ. ಮುಂಜಾನಿ ಒಲಿ ಯಾರು ಹಚ್ಚತಾರ?" ಎಂದಳು. ಆಮೇಲೆ ಮೆಲ್ಲಗೆ, "ಹೊಗಿ ಕಂಡ್ರ ನೀರು ಕೊಡತೀರೇನ್ರಿ?"

ನಾಳೆ ನಕಾಶೆ ತಿದ್ದುತ್ತೇನೆಂದು ತೊದಲಿ ಬಂದೆ.

ಮರುದಿನ ತಿದ್ದಲು ಮತ್ತೆ ಹುಡೇವನ್ನೇ ಹತ್ತಿದೆ, ಚಾಳಿ ನೋಡಿ! ತೆಂಕಣ ಇಳಿಜಾರಿನ ತುಂಬ ಹೊಗೆ. ಗಾಬರಿಯಾಗಿ ಇಳಿದು ಓಡಿದೆ. ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಯಾವ ಒಲೆಯ ಮೇಲೂ ಹಂಚಿಲ್ಲ, ಗಡಿಗೆಯಿಲ್ಲ. ಸಂಜೆಯ ಅಡುಗೆಗೆ ಇಟ್ಟಿದ್ದ ಕುಳ್ಳು ಕಟ್ಟಿಗೆಯನ್ನು ನನ್ನ ಕಣ್ಣಿಗೆ ಬೀಳಲೆಂದು ಸುಡುತ್ತಿದ್ದರು. ಆ ದಿನ ಯಾರೂ ತೋಟಕ್ಕೆ ಹೋಗಿರಲಿಲ್ಲ.

"ಈಗ ಕಂಡೀವೇನ್ರಿ?" ಎಂದಳು ನಿಂಗಮ್ಮ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ.

ಅಂದು ಒಂದೊಂದು ಬಾಗಿಲನ್ನೂ ಕೈಯಿಂದ ಮುಟ್ಟಿ ಎಣಿಸಿದೆ. ಎರಡನೆಯ ಬಾವಿ ಆ ಓಣಿಯಲ್ಲೇ ಆಯಿತು. ಈಗ ಯಾವ ಊರಿಗೆ ಹೋದರೂ ಹುಡೇವಿನ ತಂಟೆಗೆ ಹೋಗುವುದಿಲ್ಲ. ವರ್ಷಕ್ಕೆ ಎಷ್ಟು ಜೋಡು ಚಪ್ಪಲಿ ಸವೆಸುತ್ತೀರಿ ಎಂದು ಮನೆಯಾಕೆ ಬೈಯುತ್ತಾಳೆ. ಸವೆಯಲಿ ಬಿಡಿ.