ಶೇಷಾದ್ರಿಯವರ ಪ್ರೈವೇಟ್ ಮೆಥಡ್

ಅಮೆರಿಕನ್ ಊರಾದ ಅಲ್ಫರೆಟಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಶೇಷಾದ್ರಿಯವರಿಗೆ ಹನ್ನೊಂದು ವರ್ಷ ಸರ್ವಿಸ್. ಕ್ಲಿನಿಕ್‌ಗಳ ಅಪಾಯಿಂಟ್‌ಮೆಂಟ್ ನೋಡಿಕೊಳ್ಳುವ ಜಾವಾ ಪ್ರೋಗ್ರಾಮ್ ಅವರ ಕೈಕೂಸು. ಅದರ ಬಹುತೇಕ ಮೆಥಡ್‌ಗಳಿಗೆ, ಅಂದರೆ ಒಂದೊಂದು ಕೆಲಸ ಮಾಡುವ ಕೋಡ್ ತುಣುಕುಗಳಿಗೆ, ಅವರು 'ಪ್ರೈವೇಟ್' ಎಂಬ ಹಣೆಪಟ್ಟಿ ಹಚ್ಚಿದ್ದರು. ಹಾಗೆ ಬರೆದ ಮೆಥಡ್ ಅನ್ನು ಅದೇ ಕ್ಲಾಸ್‌ನ, ಅಂದರೆ ಅದೇ ಕೋಡ್ ಕಟ್ಟಿನ, ಒಳಗಿನ ಕೋಡ್ ಮಾತ್ರ ಕರೆಯಬಹುದು. ಒಳ್ಳೆಯ ಪದ್ಧತಿಯೇ. ಆದರೆ ಶೇಷಾದ್ರಿ ಕೋಡ್ ಓದುವ ಅನುಮತಿಯನ್ನೂ ತಮ್ಮೊಬ್ಬರಿಗೇ ಇಟ್ಟುಕೊಂಡು, ಕೇಳಿದವರಿಗೆ ಅರ್ಧ ಗಂಟೆ ಎನ್‌ಕ್ಯಾಪ್ಸುಲೇಶನ್, ಅಂದರೆ ಒಳಗಿನದನ್ನು ಹೊರಗಿನವರಿಂದ ಮುಚ್ಚಿಡುವ ತತ್ವದ, ಪ್ರವಚನ ಕೊಡುತ್ತಿದ್ದರು.

ಹೊಸದಾಗಿ ಸೇರಿದ ರಚನಾ ಒಮ್ಮೆ ಧೈರ್ಯ ಮಾಡಿ ಕೇಳಿದಳು.

"ಶೇಷಾದ್ರಿ ಅವ್ರೇ, ಒಂದು ದಿನದ ಅಪಾಯಿಂಟ್‌ಮೆಂಟ್ ಎಲ್ಲಾ ಕ್ಯಾನ್ಸಲ್ ಮಾಡೋ ಮೆಥಡ್ ಇದ್ಯಲ್ಲಾ, ನಮ್ಮ ಕೋಡೂ ಕರೆಯೋ ಹಾಗೆ ಅದನ್ನ ಪಬ್ಲಿಕ್ ಮಾಡ್ತೀರಾ?"

"ಅದು ತುಂಬಾ ಡೆಲಿಕೇಟ್ ಕಣಮ್ಮ. ಒಳಗೆ ಏನೇನು ನಡೆಯತ್ತೆ ಅಂತ ನಿಂಗೊತ್ತಿಲ್ಲ."

2022ರ ಜನವರಿಯ ಒಂದು ರಾತ್ರಿ ರಸ್ತೆಗಳ ಮೇಲೆ ಐಸ್ ಕಟ್ಟಿತು. ಬೆಳಗಾಗುತ್ತಲೇ ಹತ್ತೊಂಬತ್ತು ಕ್ಲಿನಿಕ್‌ಗಳು ಒಟ್ಟಿಗೆ ಕ್ಯಾನ್ಸಲ್ ಗುಂಡಿ ಒತ್ತಿದವು. ಹತ್ತು ಗಂಟೆಯಾದರೂ ಬಹುತೇಕ ರೋಗಿಗಳಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಹತ್ತಿರದ ಡುಲುತ್ ಊರಿನ ಅಜ್ಜಿಯೊಬ್ಬರು ಜಾರುತ್ತಾ ಬಂದು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು.

ಮ್ಯಾನೇಜರ್ ಶೈಲಜಾ ವಿಡಿಯೋ ಕಾಲ್‌ನಲ್ಲಿ ಎಲ್ಲರನ್ನೂ ಸೇರಿಸಿ, ರಚನಾಳಿಗೆ ಅನುಮತಿ ಕೊಟ್ಟು ಕೋಡ್ ತೆರೆಸಿದರು. ಪರದೆಯ ಮೇಲೆ ಆ ಮೆಥಡ್ ಬಂತು. ನಾಲ್ಕೇ ಸಾಲು. ಯಾವ ಅಪಾಯಿಂಟ್‌ಮೆಂಟನ್ನೂ ಅದು ಕ್ಯಾನ್ಸಲ್ ಮಾಡುತ್ತಿರಲಿಲ್ಲ. ಶೇಷಾದ್ರಿಗೆ ಒಂದು ಇಮೇಲ್ ಕಳಿಸುತ್ತಿತ್ತು, ಅಷ್ಟೇ.

"ಇಮೇಲ್ ಬಂದ್ಮೇಲೆ?" ಎಂದರು ಶೈಲಜಾ.

"ನಾನು ಕೈಯಲ್ಲೇ ಮಾಡ್ತೀನಿ. ಒಂದೊಂದಾಗಿ."

"ಹನ್ನೊಂದು ವರ್ಷದಿಂದ?"

"ಮೊದಲ್ನೇ ವರ್ಷ ಡೆಡ್‌ಲೈನ್ ಇತ್ತು. ಆಮೇಲೆ ಸರಿ ಮಾಡೋಣ ಅಂತಿದ್ದೆ. ಆಮೇಲೆ ಹೇಳೋಕೆ ನಾಚಿಕೆ ಆಯ್ತು."

ಯಾರ ನಗುವೂ ಕೇಳಿಸಲಿಲ್ಲ. ಮೈಕ್‌ಗಳು ಮ್ಯೂಟ್ ಆಗಿದ್ದವು. ಶೇಷಾದ್ರಿ ಕಿವಿ ಕೆಂಪಾಗಿ ಕ್ಯಾಮೆರಾ ಆಫ್ ಮಾಡಿದರು. ಉಳಿದ ಇನ್ನೂರು ಚಿಲ್ಲರೆ ಅಪಾಯಿಂಟ್‌ಮೆಂಟ್‌ಗಳನ್ನು ಎಲ್ಲರೂ ಹಂಚಿಕೊಂಡು ಮಧ್ಯಾಹ್ನದ ಹೊತ್ತಿಗೆ ರದ್ದು ಮಾಡಿದರು. ನಿಜವಾಗಿ ಕೆಲಸ ಮಾಡುವ ಮೆಥಡ್ ಬರೆಯಲು ರಚನಾಳಿಗೆ ಎರಡು ದಿನ ಸಾಕಾಯಿತು. ಅದಕ್ಕಾಗಿ ಅವಳಿಗೊಂದು ಕಾಫಿ ಮಗ್ ಸಿಕ್ಕಿತು.

ಶೇಷಾದ್ರಿಯವರನ್ನು ಕಂಪನಿ ಷಾರ್ಲೆಟ್ ಶಾಖೆಗೆ ವರ್ಗಾಯಿಸಿತು. ಪಕ್ಕದ ಫೋರ್ಟ್ ಮಿಲ್‌ನಲ್ಲಿ ಮನೆ ಮಾಡಿಕೊಂಡು ಈಗಲೂ ಅಲ್ಲೇ ಇದ್ದಾರೆ. ಎಲ್ಲರ ಕೋಡ್ ಹೇಗಿರಬೇಕೆಂದು ತೀರ್ಮಾನಿಸುವ ಹುದ್ದೆ: ಚೀಫ್ ಆರ್ಕಿಟೆಕ್ಟ್.